ಬಂದೂಕು, ಬೇಟೆ ಮತ್ತು ಶ್ರಾವಕನ ಸಂಕಲ್ಪ

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದರು. ಅದೇ ಕೊಲ್ಹಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿಯೇ ವಿಶ್ವ ಚಾಂಪಿಯನ್ ಆಗಿದ್ದರು. ರಾಹಿ ಸರ್ನೋಬತ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಪಿಸ್ತೂಲಿನಿಂದ ಚಿನ್ನ ಗೆದ್ದಿದ್ದರು. ಕೊಲ್ಹಾಪುರ, ಸಾಂಗಲಿ, ಬೆಳಗಾವಿಗಳ ಈ ಸೀಮೆ ಜೈನ ಸಮಾಜದ ತವರುಗಳಲ್ಲಿ ಒಂದು. ಅಲ್ಲಿಂದ ಪುಣೆಗೆ, ಮುಂಬಯಿಗೆ ವಲಸೆ ಬಂದು ನೆಲೆಸಿದ ಕನ್ನಡ ಜೈನ ಕುಟುಂಬಗಳ ಮಕ್ಕಳು ಶಾಲೆಯ ಸಹಪಾಠಿಗಳೊಡನೆ ತಾವೂ ಶೂಟಿಂಗ್ ರೇಂಜಿಗೆ ಹೋಗಬೇಕೆಂದು ಕೇಳತೊಡಗಿದರೆ ಆಶ್ಚರ್ಯವಿಲ್ಲ. ಕೇಳಿದ ಕ್ಷಣದಲ್ಲಿ ಮನೆಯ ಹಿರಿಯರಿಂದ ಬರುವ ಉತ್ತರವೂ ಊಹಿಸಲಾಗದ್ದಲ್ಲ. ಅಭಿಷೇಕದ ಕಲಶ ಹಿಡಿಯುವ ಕೈಯಲ್ಲಿ ಬಂದೂಕೆ? ಅಹಿಂಸೆಯೇ ಪರಮಧರ್ಮವೆಂದು ನಂಬಿದ ಮನೆಯಲ್ಲಿ ಇದು ಶೋಭಿಸುವುದೆ?

ಈ ಪ್ರಶ್ನೆಯನ್ನು ಮಕ್ಕಳ ಹಟವೆಂದು ತಳ್ಳಿಹಾಕುವುದು ಸುಲಭ. ಅಜ್ಜಿಯ ಹಳೆಯ ಕಾಲದ ಮಡಿಯೆಂದು ನಗುವುದೂ ಅಷ್ಟೇ ಸುಲಭ. ಎರಡೂ ಸರಿಯಲ್ಲ. ಪ್ರಶ್ನೆ ನಿಜವಾದದ್ದು, ಶಾಸ್ತ್ರಕ್ಕೆ ಸಂಬಂಧಿಸಿದ್ದು. ಶ್ರದ್ಧೆಯಿಂದ ಉತ್ತರಿಸಹೊರಟರೆ ರೈಫಲಿಗಿಂತ ಬಹಳ ದೂರದವರೆಗೆ ಅದು ಕರೆದೊಯ್ಯುತ್ತದೆ.

ಬಂದೂಕೇ ಪರಂಪರೆಯಾದ ನಾಡು

ಬಂದೂಕು ಕುಟುಂಬದ ಪರಂಪರೆಯಾಗಿರುವ ಸಮಾಜವೊಂದು ಕರ್ನಾಟಕದಲ್ಲಿಯೇ ಇದೆ. ಕೊಡವರ ಐನ್‌ಮನೆಗಳಲ್ಲಿ ಕೋವಿ ಆಯುಧ ಮಾತ್ರವಲ್ಲ, ಪೂಜಾವಸ್ತುವೂ ಹೌದು. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಮನೆಯಲ್ಲಿ ಸಾವು ಸಂಭವಿಸಿದಾಗ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಅಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಪುತ್ತರಿಯ ರಾತ್ರಿ ಹೊಸ ಭತ್ತದ ಕದಿರು ಕೊಯ್ಯುವಾಗಲೂ ಗುಂಡಿನ ಸದ್ದು ಕೇಳಿಸುತ್ತದೆ. ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಮನೆಯ ಆಯುಧಗಳನ್ನೆಲ್ಲ ಒಂದೆಡೆ ಇರಿಸಿ, ‘ತೋಕ್ ಪೂ’ ಎಂಬ ಹೂವನ್ನು ಕೋವಿಯ ನಳಿಗೆಗೆ ಸಿಕ್ಕಿಸಿ ಪೂಜಿಸುತ್ತಾರೆ. ಹಿಂದಿನ ಕಾಲದಲ್ಲಿ ಈ ಪೂಜೆಯ ನಂತರ ಊರ ಗಂಡಸರೆಲ್ಲ ಒಟ್ಟಾಗಿ ಕಾಡಿಗೆ ಬೇಟೆಗೆ ಹೋಗುತ್ತಿದ್ದರು.

ಕಾನೂನು ಕೂಡ ಈ ಪರಂಪರೆಯನ್ನು ಪ್ರತ್ಯೇಕವಾಗಿ ಕಂಡಿದೆ. 1857ರ ದಂಗೆಯ ನಂತರ ದೇಶವಾಸಿಗಳ ಆಯುಧಗಳನ್ನು ಕಸಿದುಕೊಂಡ ಬ್ರಿಟಿಷ್ ಆಡಳಿತವು ಕೊಡವರನ್ನು ಅದರಿಂದ ಹೊರಗಿಟ್ಟಿತು. ಸ್ವಾತಂತ್ರ್ಯಾನಂತರ 1959ರ ಶಸ್ತ್ರಾಸ್ತ್ರ ಕಾಯಿದೆಯಡಿಯಲ್ಲಿಯೂ ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಒಂದು ಜನಾಂಗಕ್ಕೆ ಮಾತ್ರ ಇಂಥ ವಿನಾಯಿತಿ ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು.

ಈ ವಿನಾಯಿತಿಯ ಮಾತು ಬಂದಾಗ ಜೈನರ ಕೂಟಗಳಲ್ಲಿ ಮೂಗು ಮುರಿಯುವವರುಂಟು. ಅವರು ಒಂದು ಘಟನೆಯನ್ನು ನೆನಪಿಸಿಕೊಳ್ಳಬೇಕು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದು ಪರಿಗಣಿಸಿದಾಗ ದೇಶದ ಜೈನ ಸಮಾಜವೆಲ್ಲ ಬೀದಿಗಿಳಿಯಿತು. ಶತಮಾನಗಳ ಆಚರಣೆಯೊಂದನ್ನು ಹೊರಗಿನವರ ಕಣ್ಣಿನಿಂದಷ್ಟೇ ಅಳೆಯಬಾರದು, ಅದರ ಒಳಗಿನ ಅರ್ಥವನ್ನು ಕೇಳಬೇಕು ಎಂಬುದೇ ಅಂದಿನ ವಾದದ ಸಾರವಾಗಿತ್ತು. ಅದೇ ತಿಂಗಳ ಕೊನೆಯ ದಿನ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ತನ್ನ ಆಚರಣೆಗೆ ಆ ನ್ಯಾಯವನ್ನು ಬೇಡಿದ ಸಮಾಜವು ನೆರೆಯ ಸಮಾಜದ ಆಚರಣೆಗೆ ಅದನ್ನು ನಿರಾಕರಿಸುವುದು ಅನೇಕಾಂತವಾದಿಗಳಿಗೆ ತಕ್ಕ ನಡೆಯಲ್ಲ. ಕೊಡವರ ಕೋವಿಯ ಒಳಗಿನ ಅರ್ಥವೇನೆಂದು ಮೊದಲು ನೋಡಬೇಕು.

ನೋಡಿದಾಗ ಕಾಣುವುದು ಇದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿತು. ಶಸ್ತ್ರದ ವಿನಾಯಿತಿ ಬೇಟೆಯ ವಿನಾಯಿತಿಯಲ್ಲ. ಪರವಾನಗಿ ಬೇಡದ ಕೋವಿಯಿಂದ ಹೊಡೆದರೂ ಕಾಡುಹಂದಿಯನ್ನು ಕೊಂದದ್ದು ಅಪರಾಧವೇ. ಬೇಟೆ ನಿಂತ ಮೇಲೆ ಕೋವಿಯ ಹಬ್ಬ ನಿಲ್ಲಲಿಲ್ಲ. ಎತ್ತರದ ಮರದಲ್ಲಿ ಕಟ್ಟಿದ ತೆಂಗಿನಕಾಯಿ ಪ್ರಾಣಿಯ ಸ್ಥಾನಕ್ಕೆ ಬಂದಿತು. ಕೈಲ್ ಪೊಳ್ದ್ ಸಂದರ್ಭದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ಊರೂರಿನಲ್ಲಿ ನಡೆಯುತ್ತವೆ; ಗಂಡಸರ ಜೊತೆ ಹೆಂಗಸರೂ ಗುರಿ ಹಿಡಿಯುತ್ತಾರೆ. ಕಳ್ಳಬೇಟೆ ಸಂಪೂರ್ಣ ನಿಂತಿದೆಯೆಂದಾಗಲಿ, ಹಬ್ಬದ ಊಟದಲ್ಲಿ ಮಾಂಸವಿಲ್ಲವೆಂದಾಗಲಿ ಇದರ ಅರ್ಥವಲ್ಲ. ಆದರೆ ಮಾಂಸಾಹಾರಿಯಾದ, ಯೋಧ ಪರಂಪರೆಯ ಒಂದು ಸಮಾಜವು ಆಯುಧದ ಗೌರವವನ್ನು ಉಳಿಸಿಕೊಂಡು, ಪ್ರಾಣಿವಧೆಯನ್ನು ಹಬ್ಬದ ಅಂಗಳದಿಂದ ಹೊರಗಿಟ್ಟಿತು. ಇದು ಅಹಿಂಸೆಯ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ.

ಶಾಸ್ತ್ರ ನಿಷೇಧಿಸಿದ್ದು ಏನನ್ನು?

ಜೈನ ಪರಂಪರೆ ಆಯುಧವನ್ನು ಮುಟ್ಟಿಯೇ ಇಲ್ಲವೆಂಬುದು ಇತಿಹಾಸಕ್ಕೆ ಮಾಡುವ ಅಪಚಾರ. ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಚೋಳರಿಂದ ತಲಕಾಡನ್ನು ಗೆದ್ದವನು, ಬಸದಿಗಳನ್ನು ಉದ್ಧರಿಸಿದ ಶ್ರಾವಕ. ಹೊಯ್ಸಳರ ಹೆಸರಿನ ಮೂಲವಾಗಿ ಪ್ರಸಿದ್ಧವಾದ ಐತಿಹ್ಯದಲ್ಲಂತೂ ಮೇಲೆರಗಿದ ಹುಲಿಯನ್ನು ಹೊಡೆಯೆಂದು ಸಳನಿಗೆ ಆಜ್ಞಾಪಿಸಿದವನು ಸುದತ್ತನೆಂಬ ಜೈನ ಮುನಿ.

ಇದು ವಿರೋಧಾಭಾಸವಲ್ಲ. ಗೃಹಸ್ಥನ ಬದುಕಿನ ಹಿಂಸೆಯನ್ನು ಪರಂಪರೆಯು ನಾಲ್ಕಾಗಿ ವಿಂಗಡಿಸುತ್ತದೆ: ಅಡುಗೆ ಮನೆವಾರ್ತೆಗಳಲ್ಲಿ ಆಗುವ ಆರಂಭೀ ಹಿಂಸೆ, ಬೇಸಾಯ ವ್ಯಾಪಾರಗಳಲ್ಲಿ ಆಗುವ ಉದ್ಯೋಗೀ ಹಿಂಸೆ, ತನ್ನನ್ನೂ ಆಶ್ರಿತರನ್ನೂ ಕಾಪಾಡುವಾಗ ಆಗುವ ವಿರೋಧೀ ಹಿಂಸೆ, ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆ. ಮೊದಲ ಮೂರನ್ನು ಶ್ರಾವಕನು ಪೂರ್ತಿಯಾಗಿ ಬಿಡಲಾರ, ಕಡಿಮೆ ಮಾಡಬಲ್ಲ. ನಾಲ್ಕನೆಯದನ್ನು ಅವನು ಬಿಡಲೇಬೇಕು. ಬೇಟೆಯು ಈ ನಾಲ್ಕನೆಯ ವರ್ಗದ ಶುದ್ಧ ಉದಾಹರಣೆ. ಆದ್ದರಿಂದಲೇ ಜೂಜು, ಮದ್ಯ, ಮಾಂಸ, ಕಳವುಗಳ ಸಾಲಿನಲ್ಲಿ ಸಪ್ತವ್ಯಸನಗಳಲ್ಲಿ ಒಂದಾಗಿ ಅದು ಎಣಿಕೆಯಾಗಿದೆ. ಅದನ್ನು ವ್ಯಸನವೆಂದು ಕರೆದುದು ಅರ್ಥಪೂರ್ಣ. ಹಸಿವಿಗೂ ರಕ್ಷಣೆಗೂ ಅಲ್ಲದೆ ಕೇವಲ ಸುಖಕ್ಕಾಗಿ ಮಾಡುವ ಕೊಲೆ ಒಮ್ಮೆಗೆ ಮುಗಿಯುವುದಿಲ್ಲ. ಮತ್ತೆ ಮತ್ತೆ ಕರೆಯುತ್ತದೆ.

ಶ್ರಾವಕಾಚಾರ ಗ್ರಂಥಗಳಲ್ಲಿ ಒಂದು ಹೋಲಿಕೆ ಬರುತ್ತದೆ. ನೆಲ ಉಳುವ ರೈತನ ನೇಗಿಲಿಗೆ ಸಿಕ್ಕಿ ಎಷ್ಟೋ ಜೀವಗಳು ಸಾಯುತ್ತವೆ. ಬಲೆ ಬೀಸಿ ಕುಳಿತ ಬೆಸ್ತನಿಗೆ ದಿನವಿಡೀ ಒಂದು ಮೀನೂ ಸಿಗದಿರಬಹುದು. ಆದರೂ ಪಾಪದ ಹೊರೆ ಬೆಸ್ತನದೇ ಹೆಚ್ಚು, ಏಕೆಂದರೆ ಅವನ ಮನಸ್ಸು ಮುಂಜಾನೆಯಿಂದ ಕೊಲೆಯಲ್ಲೇ ನೆಟ್ಟಿದೆ. ಲೆಕ್ಕಪರಿಶೋಧನೆಯಲ್ಲಿಯೂ ಇಂಥದೇ ಒಂದು ತತ್ತ್ವವಿದೆ: ವ್ಯವಹಾರದ ಹೊರರೂಪವನ್ನಲ್ಲ, ಅದರ ತಿರುಳನ್ನು ನೋಡಬೇಕು. ಕಾಗದದ ಮೇಲೆ ಸಾಲವೆಂದು ಬರೆದ ಮಾತ್ರಕ್ಕೆ ಉಡುಗೊರೆ ಸಾಲವಾಗದು. ಹಾಗೆಯೇ, ಕೈಯಲ್ಲಿ ಬಂದೂಕಿದ್ದ ಮಾತ್ರಕ್ಕೆ ಹಿಂಸೆಯಾಗದು. ಕೈಯಲ್ಲಿ ಬಂದೂಕಿಲ್ಲದ ಮಾತ್ರಕ್ಕೆ ಅಹಿಂಸೆಯೂ ಆಗದು.

ಹಿಟ್ಟಿನ ಕೋಳಿಯ ಆಕ್ಷೇಪ

ಇಲ್ಲಿ ತಿಳಿದವರು ಎತ್ತಬಹುದಾದ ಬಲವಾದ ಆಕ್ಷೇಪವೊಂದಿದೆ. ಜನ್ನನು 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ಅರಸನು ತಾಯಿಯ ಒತ್ತಾಯಕ್ಕೆ ಮಣಿದು, ಜೀವಂತ ಪ್ರಾಣಿಯ ಬದಲು ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿ ಕೊಡುತ್ತಾನೆ. ಹಿಟ್ಟಿಗೆ ಪ್ರಾಣವಿಲ್ಲ, ರಕ್ತವಿಲ್ಲ. ಆದರೂ ತಾಯಿ ಮಗ ಇಬ್ಬರೂ ಆ ಸಂಕಲ್ಪದ ಫಲವಾಗಿ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ, ಬೇರೆಯವರ ಕೈಯಲ್ಲಿ ಹತರಾಗುತ್ತಾರೆ. ಹಿಟ್ಟಿನ ಕೋಳಿಗೆ ಅಷ್ಟು ದಂಡವಾದರೆ ತೆಂಗಿನಕಾಯಿಗೆ, ಕಾಗದದ ಗುರಿಗೆ ಎಷ್ಟು? ಬೇಟೆಯ ಅನುಕರಣೆಯೂ ಬೇಟೆಯೇ ಅಲ್ಲವೇ?

ಆಕ್ಷೇಪ ಗಂಭೀರವಾದದ್ದು. ಆದರೆ ಕಾವ್ಯ ದಂಡಿಸಿದ್ದು ಹಿಟ್ಟನ್ನು ಕತ್ತರಿಸಿದ್ದಕ್ಕಲ್ಲ. ಹಿಟ್ಟನ್ನು ಕೋಳಿಯಾಗಿ ರೂಪಿಸಿ, ಕೋಳಿಯೆಂದೇ ಭಾವಿಸಿ, ಕೊಲ್ಲುವ ಮನಸ್ಸಿನಿಂದ ಕತ್ತಿ ಎತ್ತಿದ್ದಕ್ಕೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ: ಗುರಿಯಿಡುವವನ ಮನಸ್ಸಿನಲ್ಲಿ ಆ ಗುರಿ ಒಂದು ಜೀವವೇ?

ಶೂಟಿಂಗ್ ಕ್ರೀಡೆಯ ಚರಿತ್ರೆ ಈ ಪ್ರಶ್ನೆಗೆ ವಿಚಿತ್ರವಾದ ಉತ್ತರ ಕೊಡುತ್ತದೆ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಹೊಡೆಯುವ ಸ್ಪರ್ಧೆ ನಡೆಯಿತು. ಹೆಚ್ಚು ಹಕ್ಕಿ ಕೊಂದವನೇ ವಿಜೇತ. 1908ರ ಲಂಡನ್ ಕೂಟದಿಂದ ಓಡುವ ಜಿಂಕೆಯ ಆಕೃತಿಗೆ ಹೊಡೆಯುವ ಸ್ಪರ್ಧೆ ಬಂದಿತು. ಪ್ರಾಣಿ ಹೋಯಿತು, ಅದರ ರೂಪ ಉಳಿಯಿತು. 1972ರಲ್ಲಿ, ಭಾರತದಲ್ಲಿ ಬೇಟೆ ನಿಷೇಧವಾದ ವರ್ಷವೇ, ಮ್ಯೂನಿಕ್‌ನಲ್ಲಿ ಓಡುವ ಕಾಡುಹಂದಿಯ ಚಿತ್ರ ಗುರಿಯಾಯಿತು. ಮುಂದೆ ಆ ಚಿತ್ರವೂ ಮಾಯವಾಗಿ ಬರಿಯ ವೃತ್ತಗಳು ಉಳಿದವು; 2004ರ ಅಥೆನ್ಸ್ ಕೂಟದ ನಂತರ ಓಡುವ ಗುರಿಯ ಸ್ಪರ್ಧೆಯೇ ಒಲಿಂಪಿಕ್ಸ್‌ನಿಂದ ಹೊರಬಿದ್ದಿತು. ಪಾರಿವಾಳದ ಸ್ಥಾನದಲ್ಲಿ ಇಂದು ಹಾರುವುದು ಮಣ್ಣಿನ ಬಿಲ್ಲೆ. ಒಂದು ಶತಮಾನದಲ್ಲಿ ಈ ಕ್ರೀಡೆಯು ಜೀವದಿಂದ ಆಕೃತಿಗೆ, ಆಕೃತಿಯಿಂದ ಚಿತ್ರಕ್ಕೆ, ಚಿತ್ರದಿಂದ ಬರಿಯ ಬಿಂದುವಿಗೆ ಸರಿದುಬಂದಿದೆ. ಜೈನ ಆಚಾರ್ಯರ ಉಪದೇಶ ಕೇಳಿ ಹೀಗಾದುದಲ್ಲ. ಆದರೂ ಹಿಟ್ಟಿನ ಕೋಳಿಯ ಪಾಠವನ್ನು ಅದು ತನ್ನದೇ ದಾರಿಯಲ್ಲಿ ಕಲಿತಂತಿದೆ.

ಇಂದು 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕ ಕೊಡುವ ನಡುಬಿಂದುವಿನ ವ್ಯಾಸ ಅರ್ಧ ಮಿಲಿಮೀಟರ್. ಅರ್ಹತಾ ಸುತ್ತಿನಲ್ಲಿ ಅರವತ್ತು ಬಾರಿ ಅದೇ ಬಿಂದುವಿನ ಮೇಲೆ ದೃಷ್ಟಿ ನಿಲ್ಲಬೇಕು. ಉಸಿರು ಹಿಡಿತದಲ್ಲಿರಬೇಕು, ದೇಹ ಅಲುಗಬಾರದು, ಹಿಂದಿನ ಹೊಡೆತದ ಸಿಟ್ಟು ಮುಂದಿನ ಹೊಡೆತಕ್ಕೆ ಅಂಟಬಾರದು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಗೆದ್ದ ಚಿನ್ನ ಈ ಸ್ಪರ್ಧೆಯದು. ಇಲ್ಲಿ ಜೀವವೂ ಇಲ್ಲ, ಜೀವದ ರೂಪವೂ ಇಲ್ಲ, ವೈರಿಯ ಕಲ್ಪನೆಯೂ ಇಲ್ಲ. ರಾಗದ್ವೇಷಗಳು ಹುಟ್ಟಿದರೆ ಕೆಡುವುದು ಗುರಿಯಿಟ್ಟವರ ಅಂಕವೇ. ಇದನ್ನು ಸಂಕಲ್ಪೀ ಹಿಂಸೆಯೆಂದು ಕರೆಯಲು ಶಾಸ್ತ್ರದಲ್ಲಿ ಆಧಾರ ದೊರೆಯದು.

ಮತ್ತೊಂದು ಆಕ್ಷೇಪಕ್ಕೆ ಮಾತ್ರ ಇನ್ನೂ ಎಚ್ಚರದ ಉತ್ತರ ಬೇಕು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಅನರ್ಥದಂಡಗಳನ್ನು ಹೇಳುವಾಗ, ಕೊಲೆಗೆ ಸಾಧನವಾಗುವ ಕೊಡಲಿ, ಕತ್ತಿ, ಬೆಂಕಿ, ಆಯುಧ ಮುಂತಾದವನ್ನು ಪರರಿಗೆ ಕೊಡುವುದನ್ನು ‘ಹಿಂಸಾದಾನ’ವೆಂದು ನಿಷೇಧಿಸುತ್ತದೆ. ಮಗಳ ಕೈಗೆ ರೈಫಲ್ ಕೊಡಿಸುವುದು ಹಿಂಸಾದಾನವಾಗಬಾರದಾದರೆ ಮನೆಯವರು ಕೆಲವು ಮಿತಿಗಳನ್ನು ಹಾಕಿಕೊಳ್ಳಬೇಕು. ಆಯುಧವು ಕ್ರೀಡೆಗಾಗಿಯೇ ರೂಪಿಸಿದ ಏರ್ ರೈಫಲ್ ಅಥವಾ ಏರ್ ಪಿಸ್ತೂಲ್ ಆಗಿರಲಿ. 0.177 ಅಂಗುಲದ ಒಳಗಿನ, 20 ಜೂಲ್ ಮೀರದ ಏರ್‌ಗನ್‌ಗೆ 2016ರ ಶಸ್ತ್ರಾಸ್ತ್ರ ನಿಯಮಗಳಡಿ ಪರವಾನಗಿ ಬೇಕಿಲ್ಲ. ಆದರೆ ಹಕ್ಕಿಯನ್ನು ಕೊಲ್ಲಲು ಅಷ್ಟು ಶಕ್ತಿ ಸಾಕೆಂಬುದನ್ನು ಮರೆಯಬಾರದು. ಆಯುಧವು ರೇಂಜಿನಲ್ಲಿ ಅಥವಾ ಬೀಗದೊಳಗೆ ಇರಲಿ. ರಜೆಗೆ ಊರಿಗೆ ಹೋದಾಗ ತೋಟದ ಗಿಳಿ, ಅಳಿಲುಗಳ ಮೇಲೆ ‘ಅಭ್ಯಾಸ’ಕ್ಕೆಂದು ಹೊರಬರದಿರಲಿ. ಪ್ರಾಣಿಯ ಇಲ್ಲವೆ ಮನುಷ್ಯನ ಆಕೃತಿಯ ಗುರಿಗೆ ಹೊಡೆಸುವ ಮನರಂಜನೆಯ ಜಾಗಗಳಿಂದ ಮಕ್ಕಳು ದೂರವಿರಲಿ, ಏಕೆಂದರೆ ಅದು ಹಿಟ್ಟಿನ ಕೋಳಿಯೇ. ಮದುವೆ ಮೆರವಣಿಗೆಗಳಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವುದನ್ನು, 2019ರ ತಿದ್ದುಪಡಿ ಜೈಲುಶಿಕ್ಷೆಯ ಅಪರಾಧವೆಂದು ಸಾರಿದ ಆ ಪ್ರದರ್ಶನವನ್ನು, ಯಾವ ಬಂಧುವಿನ ಮನೆಯಲ್ಲಾದರೂ ಸರಿ, ಎದ್ದುನಿಂತು ವಿರೋಧಿಸುವ ಧೈರ್ಯವಿರಲಿ.

ಬಂದೂಕು ಮುಟ್ಟದವರ ಬೇಟೆ

ರೈಫಲ್‌ನ ಪ್ರಶ್ನೆ ಇಷ್ಟಕ್ಕೆ ಇತ್ಯರ್ಥವಾಗುತ್ತದೆ. ಆದರೆ ಅದೇ ಅಳತೆಗೋಲನ್ನು ಮನೆಯ ಉಳಿದ ಮೂಲೆಗಳಿಗೂ ಹಿಡಿದರೆ ಏನು ಕಾಣುತ್ತದೆ?

2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಟಿವಿ ಕಾರ್ಯಕ್ರಮವೊಂದರ ಸ್ಪರ್ಧಿಯ ಕೊರಳಿನ ಹುಲಿಯುಗುರಿನ ಪದಕ ಬಂಧನಕ್ಕೆ ಕಾರಣವಾದಾಗ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹಳೆಯ ಒಡವೆಯ ಪೆಟ್ಟಿಗೆಗಳು ತೆರೆದವು. ಮಗುವಿಗೆ ಭಯವಾಗದಿರಲೆಂದು ಚಿನ್ನದಲ್ಲಿ ಕಟ್ಟಿಸಿದ ಹುಲಿಯುಗುರು ಒಂದು ಜಾತಿಯ, ಒಂದು ಮತದ ಒಡವೆಯಲ್ಲ. ಜೈನ ಮನೆಗಳ ಲಾಕರುಗಳಲ್ಲಿ ಅದು ಇಲ್ಲವೇ ಇಲ್ಲವೆಂದು ಎದೆತಟ್ಟಿ ಹೇಳಬಲ್ಲವರು ಎಷ್ಟು ಮಂದಿ? ಅಜ್ಜನ ಕಾಲದ್ದೆಂಬ ಸಮಾಧಾನ ಕಾನೂನಿನ ಮುಂದೆ ನಿಲ್ಲದು. ಶಾಸ್ತ್ರದ ಮುಂದೆ ಇನ್ನೂ ನಿಲ್ಲದು. ಅದನ್ನು ಹೊಡೆದವನು ಬೇಟೆಗಾರ, ಕೊಂಡವನು ಶ್ರಾವಕ. ಇವನ ಹಣಕ್ಕಾಗಿಯೇ ಅವನು ಕಾಡಿಗೆ ಹೋದದ್ದು.

ಇದಕ್ಕಿಂತ ದೊಡ್ಡ ಪ್ರಶ್ನೆ ಹೊಲದಲ್ಲಿದೆ. ಪುಣೆ, ಮುಂಬಯಿಗಳಲ್ಲಿರುವ ಅನೇಕ ಕುಟುಂಬಗಳಿಗೆ ಊರಿನಲ್ಲಿ ಇನ್ನೂ ಕಬ್ಬಿನ, ಗೋವಿನಜೋಳದ ಹೊಲಗಳಿವೆ. ಬೇಸಾಯ ಪಾಲಿಗೆ ಕೊಟ್ಟಿದೆ. ಯಜಮಾನರು ವರ್ಷಕ್ಕೆರಡು ಸಲ ಹೋಗಿ ಲೆಕ್ಕ ನೋಡಿ ಬರುತ್ತಾರೆ. ಕಬ್ಬಿನೊಳಗೆ ಕಾಡುಹಂದಿ ನುಗ್ಗಿದರೆ ಒಂದೇ ರಾತ್ರಿಯಲ್ಲಿ ಆಗುವ ನಷ್ಟ ಸಣ್ಣದಲ್ಲ. ರೈತನ ಸಂಕಟ ನಿಜವಾದದ್ದು. ಅದನ್ನು ನಗರದ ಸೋಫಾದಲ್ಲಿ ಕುಳಿತು ಹಗುರವಾಗಿ ಕಾಣಬಾರದು. ಆದರೆ ಹಲವೆಡೆ ಅದಕ್ಕೆ ಕಂಡುಕೊಂಡ ಉಪಾಯಗಳು ಎಂಥವು? ಬೇಲಿಗೆ ನೇರವಾಗಿ ಹರಿಸಿದ ವಿದ್ಯುತ್ತು, ತಂತಿಯ ಉರುಳು, ತಿನಿಸಿನೊಳಗೆ ಅಡಗಿಸಿದ ಸಿಡಿಮದ್ದು. ಬಾಯಿ ಸಿಡಿದ ಹಂದಿ ಒಂದೇ ದಿನಕ್ಕೆ ಸಾಯುವುದಿಲ್ಲ. ಅದೇ ತಂತಿಗೆ ದನಕರುಗಳೂ ಮನುಷ್ಯರೂ ಬಲಿಯಾದ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಇಂಥ ಉಪಾಯಕ್ಕೆ ತಗಲಿದ ಹಣ ವರ್ಷದ ಲೆಕ್ಕದಲ್ಲಿ ‘ಕಾವಲು’ ಎಂಬ ಒಂದೇ ಸಾಲಿನೊಳಗೆ ಅಡಗಬಹುದು. ಆ ಸಾಲನ್ನು ಬಿಡಿಸಿ ಕೇಳುವ ಯಜಮಾನರು ಕಡಿಮೆ.

ಹಿಂಸೆ ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆ: ತಾನು ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಬೇರೆಯವರು ಮಾಡಿದ್ದನ್ನು ಒಪ್ಪಿದ್ದು. ಪಾಲುದಾರನು ಮಾಡಿದನೆಂದು ಯಜಮಾನನ ಖಾತೆ ಶುದ್ಧವಾಗುವುದಿಲ್ಲ. ಬೆಳೆ ಉಳಿಸಿಕೊಳ್ಳುವುದು ವಿರೋಧೀ ಹಿಂಸೆಯ ಮಿತಿಯೊಳಗೆ ಬರಬಹುದೆಂದು ವಾದಿಸುವವರು, ಕೊಲ್ಲದೆ ಉಳಿಸುವ ದಾರಿಗಳು ಮುಗಿದ ಮೇಲೆ ಮಾತ್ರ ಆ ವಾದಕ್ಕೆ ಅರ್ಹರು. ಸೌರ ಬೇಲಿ ಪ್ರಾಣಿಯನ್ನು ಬೆದರಿಸುತ್ತದೆ, ಕೊಲ್ಲುವುದಿಲ್ಲ. ಕರ್ನಾಟಕ, ಮಹಾರಾಷ್ಟ್ರಗಳೆರಡರಲ್ಲೂ ವನ್ಯಪ್ರಾಣಿಗಳಿಂದಾದ ಬೆಳೆಹಾನಿಗೆ ಸರ್ಕಾರದ ಪರಿಹಾರವಿದೆ. ಅರ್ಜಿ ಬರೆಯಲು, ಬೆನ್ನು ಹತ್ತಲು ತಿಳಿದವರು ಬೇಕು. ನಗರದಲ್ಲಿರುವ ವಿದ್ಯಾವಂತ ಮಗ, ಮಗಳು, ಅಳಿಯಂದಿರು ಊರಿನ ಪಾಲುದಾರನಿಗೆ ಮಾಡಬಹುದಾದ ಉಪಕಾರ ಇದೇ. ಕಾಯಿದೆ ಕೂಡ ಅನಿವಾರ್ಯ ಸಂದರ್ಭಗಳಲ್ಲಿ ಅರಣ್ಯಾಧಿಕಾರಿಗಳ ಲಿಖಿತ ಅನುಮತಿಯ ದಾರಿಯನ್ನು ಇಟ್ಟಿದೆ. ಕತ್ತಲಲ್ಲಿ ಇಟ್ಟ ಉರುಳಿಗೂ ಹಗಲಲ್ಲಿ ಪಡೆದ ಅನುಮತಿಗೂ ವ್ಯತ್ಯಾಸವಿದೆ: ಎರಡನೆಯದಕ್ಕೆ ಹೊಣೆಗಾರರಿದ್ದಾರೆ, ಅದನ್ನು ಪ್ರಶ್ನಿಸಬಹುದು.

ಹೀಗೆ ನೋಡಿದರೆ, ಕೋವಿಯನ್ನು ಪೂಜಿಸಿ ತೆಂಗಿನಕಾಯಿಗೆ ಹೊಡೆಯುವ ಕೊಡವ ಕುಟುಂಬವೂ, ಏರ್ ರೈಫಲ್ ಹಿಡಿದು ಬಿಂದುವಿಗೆ ಗುರಿಯಿಡುವ ಹುಡುಗಿಯೂ, ಲಾಕರಿನಲ್ಲಿ ಹುಲಿಯುಗುರು, ಹೊಲದಲ್ಲಿ ವಿದ್ಯುತ್ ತಂತಿ ಇರಿಸಿಕೊಂಡು ಪರ್ವದ ದಿನ ಪ್ರತಿಕ್ರಮಣ ಮಾಡುವ ಶ್ರಾವಕನಿಗಿಂತ ಬೇಟೆಯಿಂದ ಹೆಚ್ಚು ದೂರದಲ್ಲಿದ್ದಾರೆ. ಈ ಮಾತು ಕಹಿಯೆನಿಸಬಹುದು. ಆದರೆ ಸಮಾಜ ತನ್ನ ಅಹಿಂಸೆಯನ್ನು ಬಂದೂಕಿನ ಅಸಹ್ಯದಲ್ಲಿ, ನೆರೆಯವರ ಊಟದ ಟೀಕೆಯಲ್ಲಿ ಹುಡುಕುವಷ್ಟು ಕಾಲವೂ ತನ್ನ ಹೊಲವನ್ನು ತಾನು ನೋಡದೆ ಉಳಿಯುತ್ತದೆ.

ಮುಂದಿನ ದಶಲಕ್ಷಣ ಪರ್ವದೊಳಗೆ ಪ್ರತಿ ಕುಟುಂಬವೂ ಮೂರು ಕೆಲಸ ಮಾಡಬಹುದು. ಲಾಕರಿನಲ್ಲಿ ಪ್ರಾಣಿಯ ಉಗುರು, ಕೊಂಬು, ಚರ್ಮ, ದಂತವಿದ್ದರೆ ವಕೀಲರ ಸಲಹೆ ಪಡೆದು ಅರಣ್ಯ ಇಲಾಖೆಗೆ ಒಪ್ಪಿಸುವುದು. ಊರಿನ ಪಾಲುದಾರನಿಗೆ ಫೋನು ಮಾಡಿ, ಹಂದಿಯನ್ನು ತಡೆಯಲು ಏನು ಮಾಡುತ್ತಿರುವನೆಂದು ನೇರವಾಗಿ ಕೇಳಿ, ಸೌರ ಬೇಲಿಯ ಖರ್ಚಿನಲ್ಲಿ ತಮ್ಮ ಪಾಲನ್ನು ಕೊಡುವುದು. ಕೊನೆಯದಾಗಿ, ಶೂಟಿಂಗ್ ಕಲಿಯುತ್ತೇನೆಂದ ಮಗಳನ್ನು ಮಿತಿಗಳ ಸಹಿತ ರೇಂಜಿಗೆ ಕಳುಹಿಸುವುದು. ಮೊದಲ ದಿನ ಅಜ್ಜಿಯೂ ಜೊತೆಗೆ ಹೋಗಲಿ. ಅರ್ಧ ಮಿಲಿಮೀಟರಿನ ಬಿಂದುವಿನ ಮುಂದೆ ಮೊಮ್ಮಗಳು ಉಸಿರು ಹಿಡಿದು ನಿಂತಿರುವುದನ್ನು ಅವರು ತಮ್ಮ ಕಣ್ಣಾರೆ ನೋಡಲಿ, ಆಮೇಲೆ ತೀರ್ಪು ಹೇಳಲಿ.